ಗೋರಿಗಳ ಮೇಲಿನ ಹಸಿರು

ಪದವಿ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಥಾಮಸ್ ಗ್ರೇ ಎಂಬ ಕವಿಯ ಹೆಸರು ನೆನಪಿರುತ್ತದೆ. ಹಳ್ಳಿಯೊಂದರ ಚರ್ಚಿನ ಅಂಗಳದಲ್ಲಿ ಮಣ್ಣಾದ ಅನಾಮಿಕ ರೈತಾಪಿ ಜನರನ್ನು ನೆನೆದು ಅವನು ಬರೆದ ಶೋಕಗೀತೆ 1751ರಲ್ಲಿ ಅಚ್ಚಾಯಿತು. ನಮ್ಮಂಥವರಿಗೆ ಇಂಗ್ಲೆಂಡಿನ ಹಳ್ಳಿಯ ಚರ್ಚೆಂದರೆ ಬಹುಕಾಲ ಆ ಪದ್ಯ ಕಟ್ಟಿಕೊಟ್ಟ ಚಿತ್ರವೇ ಆಗಿತ್ತು. ಮುಸ್ಸಂಜೆ, ಮೌನ, ಗೋರಿಗಳು, ಒಂದು ಮರ, ಒಂದು ಗೂಬೆ. ಸಾವನ್ನು ಕುರಿತು ಯೋಚಿಸಲು ಹೇಳಿ ಮಾಡಿಸಿದ ಜಾಗ.

ಅದೇ 1751ರಲ್ಲಿ ಇನ್ನೊಬ್ಬ ಇಂಗ್ಲಿಷಿನವನು ತನ್ನ ತೋಟದ ದಿನಚರಿ ಬರೆಯಲು ಶುರುಮಾಡಿದ. ಅವನ ಮನೆಯ ಎದುರಿಗೂ ಒಂದು ಚರ್ಚಿತ್ತು. ಚರ್ಚಿನ ಸುತ್ತ ಗೋರಿಗಳಿದ್ದವು, ಮರವಿತ್ತು, ಗೂಬೆಗಳೂ ಇದ್ದವು. ಆದರೆ ಅವನು ಅಲ್ಲಿ ನಿಂತು ಸಾವಿನ ಬಗ್ಗೆ ಬರೆಯಲಿಲ್ಲ. ಗೂಬೆ ಎಷ್ಟು ನಿಮಿಷಕ್ಕೊಮ್ಮೆ ಇಲಿ ಹಿಡಿದು ತರುತ್ತದೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ. ಅವನ ಹೆಸರು ಗಿಲ್ಬರ್ಟ್ ವೈಟ್. ಊರು ಸೆಲ್ಬೋರ್ನ್.

ಸೆಲ್ಬೋರ್ನ್ ಲಂಡನ್ನಿನ ನೈರುತ್ಯಕ್ಕೆ ಸುಮಾರು 50 ಮೈಲಿ ದೂರದಲ್ಲಿ, ಹ್ಯಾಂಪ್‌ಶೈರ್ ಜಿಲ್ಲೆಯಲ್ಲಿದೆ. ವೈಟ್‌ನ ಕಾಲದಲ್ಲಿ ಅಲ್ಲಿ 700ರಷ್ಟು ಜನ. ಊರಿಗೆ ಒರಗಿದಂತೆ ಒಂದು ಸುಣ್ಣಕಲ್ಲಿನ ಗುಡ್ಡ, ಗುಡ್ಡದ ತುಂಬ ಬೀಚ್ ಮರಗಳ ಕಾಡು. ಕೆಳಗೆ ಸಂತ ಮೇರಿಯ ಚರ್ಚು. ವೈಟ್ ಹುಟ್ಟಿದ್ದು 1720ರಲ್ಲಿ, ಇದೇ ಊರಿನ ಪಾದ್ರಿಯ ಮನೆಯಲ್ಲಿ. ಪಾದ್ರಿಯಾಗಿದ್ದವನು ಅವನ ಅಜ್ಜ. ಮೊಮ್ಮಗನಿಗೆ ಆ ಪದವಿ ಸಿಗಲಿಲ್ಲ. ಸೆಲ್ಬೋರ್ನ್‌ಗೆ ಪಾದ್ರಿಯನ್ನು ನೇಮಿಸುವ ಹಕ್ಕು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನದು. ಇವನು ಓದಿದ್ದು ಓರಿಯಲ್ ಕಾಲೇಜಿನಲ್ಲಿ. ಹಾಗಾಗಿ ಮುಖ್ಯ ಪಾದ್ರಿಯ ಕೈಕೆಳಗಿನ ಸಹಾಯಕನಾಗಿ ಮಾತ್ರ ತನ್ನ ಊರಿನ ಚರ್ಚಿನಲ್ಲಿ ಕೆಲಸ ಮಾಡಿದ. ದೊಡ್ಡ ಹುದ್ದೆಗೆಂದು ಬೇರೆ ಕಡೆಗೆ ಹೋಗಿ ನೆಲೆಸಲೂ ಇಲ್ಲ, ಮದುವೆಯೂ ಆಗಲಿಲ್ಲ. 1789ರಲ್ಲಿ ಅವನ ಪುಸ್ತಕ ಹೊರಬಂತು. ಥಾಮಸ್ ಪೆನೆಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಬರೆದ ಪತ್ರಗಳ ರೂಪದಲ್ಲಿರುವ ಈ 'ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆ' ಅಂದಿನಿಂದ ಇಂದಿನವರೆಗೆ ಮತ್ತೆ ಮತ್ತೆ ಅಚ್ಚಾಗುತ್ತಲೇ ಬಂದಿದೆ. ಒಂದೇ ಊರಿನ ಬಗ್ಗೆ ಬರೆದ ಪುಸ್ತಕ ಇಷ್ಟು ಬಾಳಿದ್ದು ಯಾಕೆ ಎಂಬುದು ವಿಚಾರ ಮಾಡುವಂಥದ್ದು.

ವಸಂತ ಎಂದಕೂಡಲೇ ನಮಗೆ ಮಾವಿನ ಚಿಗುರು, ಬೇವಿನ ಹೂ, ಏರುತ್ತಿರುವ ಬಿಸಿಲು ನೆನಪಾಗುತ್ತವೆ. ಇಂಗ್ಲೆಂಡಿನ ವಸಂತ ಬೇರೆಯದು. ಅಲ್ಲಿ ಅದು ಚಳಿಯ ಬಾಯಿಂದ ಒಂದೊಂದೇ ತುತ್ತು ಕಸಿದುಕೊಳ್ಳುವ ಕಾಲ. ಫೆಬ್ರವರಿಯ ಹಿಮದಲ್ಲೇ ಗೋರಿಗಳ ಬುಡದಲ್ಲಿ ಸ್ನೋಡ್ರಾಪ್ ಎಂಬ ಬಿಳಿ ಹೂ ತಲೆಬಾಗಿ ಏಳುತ್ತದೆ. ಮಾರ್ಚಿನಲ್ಲಿ ಒಣಗಾಳಿ, ಏಪ್ರಿಲ್‌ನಲ್ಲಿ ಸೋನೆ. ಬೆಚ್ಚಗಾಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಿಗುರೆಲ್ಲ ಸುಟ್ಟುಹೋಗಬಹುದು. ಏಪ್ರಿಲ್‌ನಲ್ಲೂ ಹಿಮ ಬಿದ್ದೀತು. ಇಂಥ ನಂಬಿಕೆಗೆಟ್ಟ ಋತುವನ್ನು ಹಿಡಿಯುವುದಕ್ಕೆ ಬ್ಯಾರಿಂಗ್ಟನ್ ಒಂದು ಅಚ್ಚಾದ ನಮೂನೆಯ ಪುಸ್ತಕ ತಯಾರಿಸಿದ್ದ. ಉಷ್ಣಮಾಪಕ, ವಾಯುಭಾರ, ಗಾಳಿಯ ದಿಕ್ಕು, ಮಳೆ, ಮೊದಲ ಚಿಗುರು, ಮೊದಲ ಹೂ, ಮೊದಲು ಬಂದ ಹಕ್ಕಿ, ಹೀಗೆ ಒಂದೊಂದಕ್ಕೂ ಒಂದು ಕಾಲಂ. ವೈಟ್ 1768ರಿಂದ 1793ರ ಜೂನ್‌ವರೆಗೆ, ಸಾಯುವ ಕೆಲವೇ ದಿನ ಮೊದಲಿನವರೆಗೆ, ಅದನ್ನು ತುಂಬುತ್ತ ಹೋದ. ಮುದಿ ಆಮೆಯೊಂದು ಅವನ ತೋಟದಲ್ಲಿತ್ತು. ಚಳಿಗಾಲವಿಡೀ ಮಣ್ಣಿನೊಳಗೆ ಹೂತುಕೊಂಡಿದ್ದ ಆ ಆಮೆ ಯಾವ ದಿನ ಮೇಲೆದ್ದಿತು ಎಂಬುದೂ ಅವನ ಮಟ್ಟಿಗೆ ವರ್ಷದ ಒಂದು ಮುಖ್ಯ ಸುದ್ದಿ.

ಚರ್ಚಿನ ಅಂಗಳದಲ್ಲಿ ಒಂದು ಯೂ ಮರವಿತ್ತು. ಕುಳ್ಳ, ದಪ್ಪ, ಬಹಳ ಹಳೆಯ ಮರ. ವೈಟ್ ಅದರ ಕಾಂಡಕ್ಕೆ ಹಗ್ಗ ಸುತ್ತಿ ಅಳೆದಾಗ 23 ಅಡಿ ಬಂತು. ಅದು ಗಂಡು ಮರವೆಂದೂ ವಸಂತದಲ್ಲಿ ಅದರಿಂದ ಮೋಡದಂತೆ ಪರಾಗದ ಧೂಳು ಎದ್ದು ಸುತ್ತಲ ಗಾಳಿಯನ್ನೆಲ್ಲ ತುಂಬುತ್ತದೆಂದೂ ಬರೆದ. ಇಂಗ್ಲೆಂಡಿನ ಚರ್ಚುಗಳ ಅಂಗಳದಲ್ಲೆಲ್ಲ ಯೂ ಮರಗಳೇಕೆ ಎಂಬ ಪ್ರಶ್ನೆಯೂ ಅವನಿಗೆ ಬಂತು. ಬಿಲ್ಲು ಮಾಡುವುದಕ್ಕೆಂದು ನೆಟ್ಟರೇ, ಚರ್ಚಿನ ಗೋಡೆಗೆ ಗಾಳಿ ಬಡಿಯದಿರಲೆಂದೇ, ಸದಾ ಹಸಿರಾಗಿದ್ದೂ ವಿಷವಾಗಿರುವ ಈ ಮರ ಸಾವಿನ ಸಂಕೇತವೆಂದೇ? ಎಲ್ಲವನ್ನೂ ತೂಗಿ ನೋಡುತ್ತಾನೆ. ಹೀಗೇ ಎಂದು ಹಟ ಹಿಡಿಯುವುದಿಲ್ಲ.

ಗೂಬೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಗೂಬೆಯೆಂದರೆ ಅಪಶಕುನ. ಅಲ್ಲಿಯ ಹಳ್ಳಿಗರಿಗೂ ಹಾಗೆಯೇ ಇತ್ತು. ಸೆಲ್ಬೋರ್ನ್ ಚರ್ಚಿನ ಸೂರಿನಡಿ ಒಂದು ಜೋಡಿ ಬಿಳಿ ಗೂಬೆಗಳು ವರ್ಷವರ್ಷವೂ ಮರಿ ಮಾಡುತ್ತಿದ್ದವು. ವೈಟ್ ತಾಸುಗಟ್ಟಲೆ ನಿಂತು ನೋಡಿದ. ಎರಡರಲ್ಲಿ ಒಂದು ಹಕ್ಕಿ ಹೆಚ್ಚುಕಡಿಮೆ ಐದು ನಿಮಿಷಕ್ಕೊಮ್ಮೆ ಗೂಡಿಗೆ ಬರುತ್ತಿತ್ತು. ಇಲಿಯನ್ನು ಕಾಲುಗುರಿನಲ್ಲಿ ಹಿಡಿದು ತರುತ್ತದೆ, ಆದರೆ ಗೂಡಿನ ಗೋಡೆಯನ್ನು ಏರಿ ಒಳಗೆ ನುಗ್ಗಲು ಕಾಲು ಬಿಡುವಾಗಿರಬೇಕು. ಹಾಗಾಗಿ ಮೊದಲು ಚರ್ಚಿನ ಛಾವಣಿಯ ಮೇಲೆ ಕೂತು ಇಲಿಯನ್ನು ಕಾಲಿನಿಂದ ಕೊಕ್ಕಿಗೆ ದಾಟಿಸಿಕೊಳ್ಳುತ್ತದೆ. ಇಷ್ಟನ್ನು ನೋಡಿದವನಿಗೆ ಗೂಬೆ ಶಕುನವಾಗಿ ಉಳಿಯಲಾರದು. ಅದು ಮರಿಗಳಿಗೆ ಉಣಿಸಲು ರಾತ್ರಿಪಾಳಿ ದುಡಿಯುವ ತಂದೆತಾಯಿ.

ಅದೇ ಚರ್ಚಿನ ಸಂದುಗಳಲ್ಲಿ ಸ್ವಿಫ್ಟ್ ಎಂಬ ಬಾನಾಡಿಗಳೂ ಗೂಡು ಕಟ್ಟುತ್ತಿದ್ದವು. ಉರ್ದುವಿನಲ್ಲಿ ನಾವು ಈ ಜಾತಿಯ ಹಕ್ಕಿಗಳನ್ನೆಲ್ಲ ಅಬಾಬೀಲ್ ಎನ್ನುತ್ತೇವೆ. ಕುರ್‌ಆನಿನ 'ಫೀಲ್' ಅಧ್ಯಾಯದಲ್ಲಿ ಆ ಪದಕ್ಕೆ ಹಿಂಡುಹಿಂಡಾಗಿ ಎಂಬರ್ಥವಿದ್ದು, ಉರ್ದುವಿನಲ್ಲಿ ಅದು ಹಕ್ಕಿಯ ಹೆಸರೇ ಆಗಿ ನಿಂತಿತು. ಸೆಲ್ಬೋರ್ನ್‌ನ ಅಬಾಬೀಲ್‌ಗಳು ಏಪ್ರಿಲ್ ಕೊನೆಯ ಹೊತ್ತಿಗೆ ಬಂದು ಆಗಸ್ಟಿನಲ್ಲಿ ಮಾಯವಾಗುತ್ತಿದ್ದವು. ವೈಟ್ ವರ್ಷವರ್ಷವೂ ಎಣಿಸಿದ. ಯಾವಾಗಲೂ ಎಂಟೇ ಜೋಡಿ. ಅರ್ಧದಷ್ಟು ಚರ್ಚಿನಲ್ಲಿ, ಉಳಿದವು ಊರಿನ ಬಡವರ ಹುಲ್ಲುಮಾಡಿನ ಗುಡಿಸಲುಗಳಲ್ಲಿ. ಪ್ರತಿವರ್ಷ ಮರಿಗಳಾಗುತ್ತವೆ, ಆದರೂ ಲೆಕ್ಕ ಎಂಟಕ್ಕೇ ನಿಲ್ಲುತ್ತದೆ. ಹಾಗಿದ್ದರೆ ಹೆಚ್ಚಿದವು ಎಲ್ಲಿ ಹೋಗುತ್ತವೆ? ಒಂದು ಚರ್ಚಿನ ಗೋಡೆಯ ಮುಂದೆ ನಿಂತು ಕೇಳಿದ ಈ ಸಣ್ಣ ಪ್ರಶ್ನೆ ಸಣ್ಣದಲ್ಲ. ಜೀವಿಗಳು ಹುಟ್ಟುವಷ್ಟು ಉಳಿಯುವುದಿಲ್ಲವೇಕೆ ಎಂಬ ವಿಚಾರದ ಮೇಲೆಯೇ ಮುಂದೆ ಡಾರ್ವಿನ್ ತನ್ನ ಸಿದ್ಧಾಂತ ಕಟ್ಟಿದ. ವೈಟ್‌ನ ಪುಸ್ತಕ ಓದಿ ತಾನು ಹಕ್ಕಿ ನೋಡುವ ಹುಚ್ಚಿಗೆ ಬಿದ್ದೆನೆಂದು ಡಾರ್ವಿನ್ ತನ್ನ ಆತ್ಮಕತೆಯಲ್ಲಿ ನೆನೆಯುತ್ತಾನೆ.

ವೈಟ್ ತಪ್ಪಿದ್ದೂ ಉಂಟು. ಕವಲುತೋಕೆ ಹಕ್ಕಿಗಳು ಚಳಿಗಾಲದಲ್ಲಿ ದೂರದೇಶಕ್ಕೆ ಹೋಗುತ್ತವೆಂದು ಅವನಿಗೆ ಗೊತ್ತಿತ್ತು. ಆದರೂ ಕೆಲವಾದರೂ ಇಲ್ಲೇ ಪೊದೆಯಲ್ಲೋ ಬಿಲದಲ್ಲೋ ಮಲಗಿರಬಹುದೆಂಬ ಗುಮಾನಿ ಕೊನೆಯವರೆಗೂ ಬಿಡಲಿಲ್ಲ. ಆಳುಗಳನ್ನು ಹಚ್ಚಿ ಗುಡ್ಡದ ಪೊದೆಗಳನ್ನು ಅಗೆಸಿದ. ಒಂದೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಬರೆದ. ಅವನ ಬರಹದ ಮೇಲೆ ನಮಗೆ ನಂಬಿಕೆ ಹುಟ್ಟುವುದು ಇಂಥ ಕಡೆಗಳಲ್ಲಿ.

ಈ ಅಂಗಳದಲ್ಲಿ ಮನುಷ್ಯರ ಚರಿತ್ರೆಯೂ ಇದೆ. ಚರ್ಚಿನ ದಕ್ಷಿಣಕ್ಕೆ ಹೂಳಿದರೆ ಮಾತ್ರ ಒಳ್ಳೆಯದೆಂದು ಊರಿನವರೆಲ್ಲರ ನಂಬಿಕೆ. ಉತ್ತರದ ಕಡೆ ನೆರಳು, ಅದು ಕೆಟ್ಟದ್ದು. ಹೀಗಾಗಿ ದಕ್ಷಿಣದ ಭಾಗ ಎಷ್ಟು ತುಂಬಿತ್ತೆಂದರೆ ಹೊಸ ಗುಂಡಿ ತೋಡಿದರೆ ಸತ್ತವನ ಅಜ್ಜಮುತ್ತಜ್ಜರ ಮೂಳೆಗಳೇ ಮೇಲೆ ಬರುತ್ತಿದ್ದವು. ಉತ್ತರದಲ್ಲಿ ಜಾಗ ಖಾಲಿ ಬಿದ್ದಿತ್ತು. ಇತ್ತೀಚೆಗೆ ಎರಡು ಮೂರು ಮರ್ಯಾದಸ್ಥ ಕುಟುಂಬದವರು ಉತ್ತರದಲ್ಲಿ ಹೂಳಲು ತೊಡಗಿದ್ದಾರೆ, ಇದರಿಂದ ಈ ಮೂಢನಂಬಿಕೆ ನಿಧಾನವಾಗಿ ಸವೆಯಬಹುದು ಎಂದು ವೈಟ್ ಬರೆದ. ಬರೆದು ಸುಮ್ಮನಾಗಲಿಲ್ಲ. 1793ರ ಜೂನ್ 26ರಂದು ತೀರಿಕೊಂಡವನನ್ನು ಮಣ್ಣು ಮಾಡಿದ್ದು ಚರ್ಚಿನ ಉತ್ತರಕ್ಕೇ. ಮೆರವಣಿಗೆ ಬೇಡ, ದೊಡ್ಡ ಸಂಸಾರ ಹೊತ್ತ ಆರು ಮಂದಿ ಪ್ರಾಮಾಣಿಕ ಕೂಲಿಕಾರರು ನನ್ನನ್ನು ಹೊತ್ತುಕೊಂಡು ಹೋಗಲಿ, ಅವರಿಗೆ ತಲಾ ಹತ್ತು ಶಿಲ್ಲಿಂಗ್ ಕೊಡಿ ಎಂದು ಉಯಿಲಿನಲ್ಲಿ ಹೇಳಿದ್ದ. ಅವನ ಗೋರಿಯ ಮೇಲೆ ಒಂದು ಗಿಡ್ಡ ಕಲ್ಲು. ಕಲ್ಲಿನಲ್ಲಿ ಹೆಸರಿನ ಎರಡು ಅಕ್ಷರ ಮತ್ತು ಸತ್ತ ತಾರೀಕು, ಅಷ್ಟೇ. ಜನಾಜಾಕ್ಕೆ ಹೆಗಲು ಕೊಡುವುದನ್ನೂ ಆಡಂಬರವಿಲ್ಲದ ಕಬರನ್ನೂ ಪುಣ್ಯವೆಂದು ತಿಳಿದು ಬೆಳೆದ ನಮಗೆ ಈ ಉಯಿಲು ಪರಕೀಯವೆನ್ನಿಸಲಿಲ್ಲ.

ಇದೆಲ್ಲದರ ಜತೆಗೆ ಮಣ್ಣಿನೊಳಗಿನ ಜೀವವನ್ನೂ ವೈಟ್ ಮರೆತಿರಲಿಲ್ಲ. 1777ರ ಒಂದು ಪತ್ರದಲ್ಲಿ ಎರೆಹುಳುವಿನ ಪರ ವಕಾಲತ್ತು ವಹಿಸುತ್ತಾನೆ. ನೋಡಲು ಹೇಸಿಗೆಯಾದ ಈ ಹುಳು ಇಲ್ಲದಿದ್ದರೆ ನೆಲ ಗಟ್ಟಿಯಾಗಿ ತಣ್ಣಗಾಗಿ ಸತ್ವಗೆಡುತ್ತದೆ ಎಂಬುದು ಅವನ ವಾದ. ಡಾರ್ವಿನ್ ಎರೆಹುಳುಗಳ ಮೇಲೆ ಇಡೀ ಪುಸ್ತಕ ಬರೆದದ್ದು 1881ರಲ್ಲಿ, ಅಂದರೆ ನೂರು ವರ್ಷಗಳಿಗೂ ಮೀರಿದ ನಂತರ.

ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಂಗಳಗಳು ವನ್ಯಜೀವಿಗಳ ನೆಲೆಯಾಗಿ ಉಳಿದದ್ದು ಹೇಗೆ? ಯಾರೂ ಅದಕ್ಕಾಗಿ ಯೋಜನೆ ಹಾಕಿರಲಿಲ್ಲ. ಸತ್ತವರು ಮಲಗಿದ ಜಾಗ ಎಂಬ ಅಳುಕೇ ಕಾವಲಾಯಿತು. ಗೋರಿಗಳ ನೆಲಕ್ಕೆ ನೇಗಿಲು ಹಾಕಲಿಲ್ಲ, ಗೊಬ್ಬರ ಸುರಿಯಲಿಲ್ಲ. ವರ್ಷಕ್ಕೊಂದೆರಡು ಸಲ ಹುಲ್ಲು ಕೊಯ್ದರು, ಇಲ್ಲವೇ ಕುರಿ ಮೇಯಿಸಿದರು. ನೂರಾರು ವರ್ಷ ಹೀಗೆ ನಡೆದಾಗ ಹಳೆಯ ಹುಲ್ಲುಗಾವಲಿನ ಹೂಗಳೆಲ್ಲ ಅಲ್ಲಿ ಉಳಿದವು. ಹೊರಗೆ ಆದದ್ದೇ ಬೇರೆ. 1930ರ ದಶಕದಿಂದ 1984ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್ ತಮ್ಮ ಹೂವಿನ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97ರಷ್ಟನ್ನು ಕಳೆದುಕೊಂಡವು. ಯುದ್ಧಕಾಲದ ಬೇಸಾಯ, ಟ್ರ್ಯಾಕ್ಟರು, ರಾಸಾಯನಿಕ ಗೊಬ್ಬರ ಎಲ್ಲವೂ ಸೇರಿ ಮಾಡಿದ ಕೆಲಸವದು. ಎಷ್ಟೋ ಹಳ್ಳಿಗಳಲ್ಲಿ ಹಳೆಯ ನೆಲವೆಂದು ತೋರಿಸಲು ಉಳಿದದ್ದು ಗೋರಿಗಳ ನೆಲ ಮಾತ್ರ.

ಗೋರಿಕಲ್ಲುಗಳದ್ದೂ ಒಂದು ಕತೆಯಿದೆ. ನಮ್ಮ ಅಡುಗೆಮನೆಯಲ್ಲಿ ಮಸಾಲೆಗೆ ಹಾಕುವ ಕಲ್ಲುಹೂವು ಎಲ್ಲರಿಗೂ ಗೊತ್ತು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಒಟ್ಟಾಗಿ ಬಾಳುವ ಒಂದು ಸಹಜೀವನ. ಕಲ್ಲಿನ ಮೇಲೆ ಇವು ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುತ್ತವೆ. ಬಂಡೆಗಳೇ ಇಲ್ಲದ ಬಯಲುಸೀಮೆಯ ಹಳ್ಳಿಗಳಲ್ಲಿ ಇವಕ್ಕೆ ಸಿಕ್ಕ ಕಲ್ಲೆಂದರೆ ಚರ್ಚಿನ ಗೋಡೆ ಮತ್ತು ಗೋರಿಕಲ್ಲು. ಬ್ರಿಟನ್ನಿನ ಸುಮಾರು 2,000 ಜಾತಿಯ ಕಲ್ಲುಹೂವುಗಳಲ್ಲಿ 700ಕ್ಕೂ ಹೆಚ್ಚು ಚರ್ಚಿನ ಅಂಗಳಗಳಲ್ಲಿ ಕಂಡುಬಂದಿವೆ. ಹೆಸರು ಓದುವುದಕ್ಕೆಂದು ಯಾರೋ ಅಭಿಮಾನದಿಂದ ಅಜ್ಜನ ಗೋರಿಯನ್ನು ತಿಕ್ಕಿ ತೊಳೆದರೆ ನೂರಾರು ವರ್ಷ ಬೆಳೆದದ್ದು ಒಂದು ಬೆಳಗಿನಲ್ಲಿ ಹೋಗುತ್ತದೆ.

ಈ ಅಭಿಮಾನವೇ ಮುಂದೆ ತೊಂದರೆಯಾಯಿತು. ಹುಲ್ಲು ಕತ್ತರಿಸುವ ಯಂತ್ರ ಇಂಗ್ಲೆಂಡಿನಲ್ಲಿ 1830ರಲ್ಲಿ ಹುಟ್ಟಿತು. ಇಪ್ಪತ್ತನೇ ಶತಮಾನದಲ್ಲಿ ಅದಕ್ಕೆ ಪೆಟ್ರೋಲು ಬಂತು. ಚರ್ಚಿನ ಅಂಗಳ ಜಮಖಾನೆಯಂತೆ ನುಣ್ಣಗಿದ್ದರೇ ಸತ್ತವರಿಗೆ ಗೌರವ ಎಂಬ ಭಾವನೆ ಬೆಳೆಯಿತು. ವಾರವಾರವೂ ಬೋಳಿಸಿದ ನೆಲದಲ್ಲಿ ಹೂ ಬಿಟ್ಟು ಬೀಜವಾಗುವಷ್ಟು ಕಾಲ ಯಾವ ಗಿಡಕ್ಕೂ ಸಿಗುವುದಿಲ್ಲ. ಹೂವಿಲ್ಲದಿದ್ದರೆ ಹುಳುವಿಲ್ಲ, ಹುಳುವಿಲ್ಲದಿದ್ದರೆ ಹಕ್ಕಿಯಿಲ್ಲ. ಹಳೆಯ ಕಟ್ಟಡಗಳ ಸಂದುಗಳನ್ನೂ ದುರಸ್ತಿಯ ಹೆಸರಿನಲ್ಲಿ ಮುಚ್ಚಲಾಯಿತು. ವೈಟ್ ಎಣಿಸಿದ ಬಾನಾಡಿಯ ಕುಲವನ್ನು 2021ರಲ್ಲಿ ಬ್ರಿಟನ್ನಿನ ಅಪಾಯದ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ಎಚ್ಚೆತ್ತವರೂ ಇದ್ದಾರೆ. 2000ದಲ್ಲಿ ಹುಟ್ಟಿದ 'ಕೇರಿಂಗ್ ಫಾರ್ ಗಾಡ್ಸ್ ಏಕರ್' ಎಂಬ ಸಂಸ್ಥೆ ಗೋರಿಬಯಲುಗಳ ಒಂದು ಭಾಗವನ್ನಾದರೂ ಬೇಸಿಗೆ ಮುಗಿಯುವವರೆಗೆ ಕತ್ತರಿಸದೆ ಬಿಡಿ ಎಂದು ಊರೂರಿನ ಜನರ ಮನವೊಲಿಸುತ್ತಿದೆ. ಎಲ್ಲ ಧರ್ಮದವರ ಸ್ಮಶಾನಗಳೂ ಅದರ ಕೆಲಸಕ್ಕೆ ಸೇರಿವೆ.

ಸೆಲ್ಬೋರ್ನ್‌ನ ಯೂ ಮರ ಈಗಿಲ್ಲ. 1990ರ ಜನವರಿ 25ರ ಬಿರುಗಾಳಿಗೆ ಅದು ಬುಡಸಮೇತ ಉರುಳಿತು. ವೈಟ್ ಅಳೆದ 23 ಅಡಿಯ ಕಾಂಡ ಇನ್ನೂರು ವರ್ಷಗಳಲ್ಲಿ ಬೆಳೆದದ್ದು ಮೂರಡಿಯ ಆಸುಪಾಸು. ಕಿತ್ತುಬಂದ ಬೇರುಗಳ ನಡುವೆ ಹಳೆಯ ಕಾಲದ ಮೂಳೆಗಳು ಸಿಕ್ಕವು. ಊರಿನವರು ಮರವನ್ನು ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು. ಬದುಕಲಿಲ್ಲ. ಅದರ ರೆಂಬೆಯಿಂದ ಮಾಡಿದ ಸಸಿಯೊಂದನ್ನು ಅದೇ ಅಂಗಳದಲ್ಲಿ ನೆಟ್ಟಿದ್ದಾರೆ.

ವೈಟ್‌ನಂಥವರು ಬರೆದಿಟ್ಟ ಟಿಪ್ಪಣಿಗಳು ಏನಾದವು ಎಂದು ಕೇಳಬಹುದು. 2022ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳ ನೇತೃತ್ವದ ತಂಡವೊಂದು 1753ರಿಂದೀಚೆಗೆ ಬ್ರಿಟನ್ನಿನಲ್ಲಿ ಜನ ಬರೆದಿಟ್ಟ, ಗಿಡಮರಗಳ ಮೊದಲ ಹೂವಿನ ನಾಲ್ಕು ಲಕ್ಷಕ್ಕೂ ಮಿಕ್ಕಿದ ದಾಖಲೆಗಳನ್ನು ಜೋಡಿಸಿ ನೋಡಿತು. ಒಟ್ಟು 406 ಜಾತಿಯ ಗಿಡಗಳು. 1987ರ ನಂತರ ಅವು ಹಿಂದಿನ ಕಾಲಕ್ಕಿಂತ ಸರಾಸರಿ 26 ದಿನ ಮೊದಲೇ ಹೂ ಬಿಡುತ್ತಿವೆ. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಪಾದ್ರಿಗಳೂ ತೋಟಗಾರರೂ ಶಾಲಾ ಮಾಸ್ತರರೂ ಹೀಗೆ ಸಾಕ್ಷಿ ನುಡಿದಂತಾಯಿತು. ದಿನಕ್ಕೊಂದು ಸಾಲು ಬರೆದವರಿಗೆ ತಾವು ಚರಿತ್ರೆ ಬರೆಯುತ್ತಿದ್ದೇವೆಂದು ಗೊತ್ತಿರಲಿಲ್ಲ.

ಇಷ್ಟು ದೂರದ ಊರಿಗೂ ನಮಗೂ ಒಂದು ಸಣ್ಣ ಎಳೆಯಿದೆ. 1836ರಲ್ಲಿ ವೈಟ್‌ನ ಪುಸ್ತಕವನ್ನು ಟಿಪ್ಪಣಿಗಳೊಂದಿಗೆ ಸಂಪಾದಿಸಿದವನು ಎಡ್ವರ್ಡ್ ಬ್ಲೈತ್ ಎಂಬ ತರುಣ. ಐದು ವರ್ಷದ ನಂತರ ಅವನು ಕಲ್ಕತ್ತೆಗೆ ಬಂದು ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾದ. ಅವನ ಹೆಸರು ಹೊತ್ತ ಒಂದು ಉಲಿಯಕ್ಕಿ, ಇಂಗ್ಲಿಷಿನಲ್ಲಿ ಬ್ಲೈತ್ಸ್ ರೀಡ್ ವಾರ್ಬ್ಲರ್, ಪ್ರತಿ ಚಳಿಗಾಲ ಕರ್ನಾಟಕಕ್ಕೆ ಬರುತ್ತದೆ. ಮಣ್ಣುಬಣ್ಣದ ಈ ಪುಟ್ಟ ಹಕ್ಕಿ ಕಣ್ಣಿಗೆ ಬೀಳುವುದು ಕಡಿಮೆ. ಪೊದೆಯೊಳಗಿಂದ ಚೆಕ್ ಚೆಕ್ ಎಂಬ ಸದ್ದು ಕೇಳಿದರೆ ಅದಿದೆ ಎಂದು ತಿಳಿಯಬೇಕು. ನಮ್ಮಲ್ಲಿ ಬಿಸಿಲೇರುವ ಹೊತ್ತಿಗೆ ಅದು ಉತ್ತರದ ವಸಂತವನ್ನು ಹುಡುಕಿಕೊಂಡು ಹೊರಡುತ್ತದೆ.

ನಮ್ಮ ಊರಿನ ಖಬರಸ್ತಾನ್‌ನಲ್ಲಿ ಆ ಸದ್ದನ್ನು ನಾವು ಕೇಳುತ್ತಿದ್ದೆವು. ಅಲ್ಲಿ ಹುಣಸೆ, ಬೇವು, ಗೋಸಂಪಿಗೆಗಳ ನೆರಳಿತ್ತು. ತಾಯಂದಿರ ಕಬರುಗಳ ಮೇಲೆ ಮಕ್ಕಳು ನೆಟ್ಟ ಸಬ್ಜಾ ಗಿಡಗಳು, ಬೇಲಿಗೆ ಮೆಹಂದಿ ಪೊದೆ. ಈಗ ಕೆಲವು ವರ್ಷಗಳಿಂದ ಷಬೆ ಬರಾತ್ ಹತ್ತಿರವಾದಂತೆ ಅಲ್ಲಿ ಕಳೆನಾಶಕ ಹೊಡೆಯುತ್ತಾರೆ. ಎರಡು ದಿನದಲ್ಲಿ ಎಲ್ಲ ಹಳದಿಯಾಗಿ ಮಲಗುತ್ತದೆ. ದೊಡ್ಡ ಹುಣಸೆಯ ಮರವನ್ನು ಗೋಡೆಗೆ ಅಡ್ಡವಾಯಿತೆಂದು ಕಡಿಸಿದರು; ಆ ಜಾಗದಲ್ಲಿ ನೆಲಹಾಸಿನ ಬಿಲ್ಲೆಗಳು ಬಂದಿವೆ. ಮಾಡಿದವರಲ್ಲಿ ಕೆಟ್ಟ ಉದ್ದೇಶವಿಲ್ಲ. ಹಿರಿಯರ ಜಾಗ ಚೊಕ್ಕಟವಾಗಿರಲಿ, ಹಾವು ಹುಳ ಸೇರದಿರಲಿ, ರಾತ್ರಿ ಫಾತಿಹಾ ಓದಲು ಬರುವವರಿಗೆ ದಾರಿ ಇರಲಿ ಎಂಬುದೇ ಅವರ ಕಾಳಜಿ. ನಾವೂ ಆ ವರ್ಷ ಚಂದಾ ಕೊಟ್ಟವರೇ.

ಆದರೆ ನಮ್ಮ ಪರಂಪರೆ ಬೇರೆಯದನ್ನೇ ಹೇಳಿತ್ತು. ಪ್ರವಾದಿಯವರು ಎರಡು ಕಬರುಗಳ ಬಳಿ ಹಾಯುವಾಗ ಒಂದು ಹಸಿ ಖರ್ಜೂರದ ಗರಿಯನ್ನು ಸೀಳಿ ಎರಡರ ಮೇಲೂ ನೆಟ್ಟರು. ಅದು ಒಣಗುವವರೆಗೆ ಒಳಗಿರುವವರ ಶಿಕ್ಷೆ ಹಗುರಾಗಬಹುದು ಎಂದರು. ಬುಖಾರಿಯಲ್ಲಿ ಬರುವ ಈ ಪ್ರಸಂಗ ಮಕತಬಿನ ಮಕ್ಕಳಿಗೂ ಗೊತ್ತು. ಇದರ ಆಧಾರದ ಮೇಲೆಯೇ ಡಮಾಸ್ಕಸ್ಸಿನ ಹನಫೀ ವಿದ್ವಾಂಸ ಇಬ್ನ್ ಆಬಿದೀನ್, ಕಬರಸ್ತಾನದ ಹಸಿ ಹುಲ್ಲನ್ನು ಕೀಳುವುದು ಮಕ್ರೂಹ್, ಒಣಗಿದ್ದನ್ನು ತೆಗೆಯಬಹುದು ಎಂದು ಬರೆದ. ಹಸಿರಾಗಿರುವಷ್ಟು ಕಾಲ ಅದು ಅಲ್ಲಾಹನ ಸ್ಮರಣೆಯಲ್ಲಿರುತ್ತದೆ, ಕೆಳಗೆ ಮಲಗಿದವರಿಗೆ ಅದರಿಂದ ತಂಪು ಎಂಬುದು ಅದರ ಹಿಂದಿನ ಭಾವ. ಆ ವಿದ್ವಾಂಸ ತೀರಿಕೊಂಡದ್ದು 1836ರಲ್ಲಿ, ಬ್ಲೈತ್ ಸೆಲ್ಬೋರ್ನ್‌ನ ಪುಸ್ತಕ ಸಂಪಾದಿಸಿದ ವರ್ಷ. ಒಬ್ಬರನ್ನೊಬ್ಬರು ಅರಿಯದ ಎರಡು ಲೋಕಗಳು ಗೋರಿಯ ಮೇಲಿನ ಹುಲ್ಲಿನ ವಿಷಯದಲ್ಲಿ ಒಂದೇ ಕಡೆ ಬಂದು ನಿಂತಿದ್ದವು.

ದಾರಿ ಬೇಕಾದಷ್ಟು ಬಿಡಿಸೋಣ, ಒಣಗಿದ್ದನ್ನು ಕೊಯ್ಯೋಣ. ಉಳಿದದ್ದನ್ನು ವಿಷ ಹಾಕದೆ ಬಿಡೋಣ. ಕಡಿದ ಹುಣಸೆಯ ಬದಲಿಗೆ ಒಂದು ಹುಣಸೆ ಸಸಿ ನೆಡುವುದು ದೊಡ್ಡ ಖರ್ಚಿನ ಮಾತಲ್ಲ. ಈ ವರ್ಷದ ಚಂದಾ ಕೇಳಲು ಬಂದವರಿಗೆ ನಾವು ಇದನ್ನೇ ಹೇಳಿದೆವು. ಅವರು ನಕ್ಕರು, ಆದರೆ ಇಲ್ಲವೆನ್ನಲಿಲ್ಲ. ಜತೆಗೆ ಒಂದು ನೋಟ್‌ಪುಸ್ತಕ ಕೊಂಡಿದ್ದೇವೆ. ಬೇವು ಯಾವ ದಿನ ಹೂ ಬಿಟ್ಟಿತು, ಪೊದೆಯೊಳಗಿನ ಚೆಕ್ ಚೆಕ್ ಯಾವ ದಿನ ನಿಂತಿತು ಎಂದು ಬರೆದಿಡುವುದಕ್ಕೆ. ಸದ್ಯಕ್ಕೆ ಮೊದಲ ಕಾಲಂ ಮಾತ್ರ ತುಂಬುತ್ತಿದೆ.